ಎಡಗಡೆಯ ಕುದುರೆ

ರಾಣೆಬೆನ್ನೂರಿನಲ್ಲಿ ನಾನು ಬಂದೂಕು ರಿಪೇರಿ ಮಾಡುತ್ತಿದ್ದ ಕಾಲದಲ್ಲಿ, ಹಲಗೇರಿಯ ಒಬ್ಬ ರೈತ ತನ್ನ ತಂದೆಯ ಜೋಡು ನಳಿಗೆ ಬಂದೂಕನ್ನು ಎಣ್ಣೆ ಹಾಕಿ ಒರೆಸಿ ಕೊಡಲು ಬಿಟ್ಟು ಹೋದ. ವಿಲಾಯತಿ ಮಾಲು. ಹೆಬ್ಬೆರಳಿನಿಂದ ಹಿಂದಕ್ಕೆ ಎತ್ತಿ ನಿಲ್ಲಿಸುವ, ತೋಟಾಕ್ಕೆ ಬಡಿದು ಸಿಡಿಸುವ ಎರಡು ಕುದುರೆಗಳು ಹೊರಗೇ ಎದ್ದು ನಿಂತಿದ್ದವು. ಮೇಲೆ ಸಣ್ಣ ಬಳ್ಳಿಯ ಕೆತ್ತನೆ. ಅದೇ ವಾರ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಅಂಥದೇ ಬಂದೂಕು ತಂದರು. ಅದರ ಎಡಗಡೆಯ ಕುದುರೆ ಮುರಿದಿತ್ತು. ಮನೆಯಲ್ಲಿ ಮದುವೆ, ಬೀಗರು ಬರುವಷ್ಟರಲ್ಲಿ ಅದು ಗೋಡೆಯ ಮೇಲಿರಬೇಕು ಎಂದರು. ಅಂಥ ದೊಡ್ಡವರು ನನ್ನ ಅಂಗಡಿಗೆ ಬಂದದ್ದೇ ನನಗೆ ತಲೆಗೇರಿತ್ತು.

ರೈತನ ಬಂದೂಕಿನ ಎಡ ಕುದುರೆ ಬಿಚ್ಚಿ ಅವರದಕ್ಕೆ ಕೂಡಿಸಿದೆ. ಲೈಸೆನ್ಸ್ ಪುಸ್ತಕದಲ್ಲಿರುವುದು ನಳಿಗೆಯ ನಂಬರ್ ಮಾತ್ರ. ಚುನಾವಣೆ ಬಂದಾಗ ಠಾಣೆಗೆ ಬಂದೂಕು ಒಪ್ಪಿಸುವಾಗಲೂ ಅದನ್ನೇ ನೋಡುತ್ತಾರೆ. ಕುದುರೆ ಯಾರದೆಂದು ಯಾರೂ ಕೇಳುವುದಿಲ್ಲ. ರೈತನಿಗೆ ಕಬ್ಬಿಣದ ತುಂಡೊಂದನ್ನು ಅರದಿಂದ ತಿಕ್ಕಿ ಮಾಡಿ ಹಾಕಿದೆ. ಹಳೆಯದು ಸೀಳು ಬಿಟ್ಟಿತ್ತೆಂದು ಸುಳ್ಳು ಹೇಳಿದೆ. ನೋಡಿದ್ದು ಚಲೋ ಆಯಿತೆಂದು ಅವನು ಕೈ ಮುಗಿದು ಹೋದ.

ಎರಡು ವರ್ಷದ ಮೇಲೆ, ಗೋವಿನಜೋಳಕ್ಕೆ ನುಗ್ಗಿದ ಹಂದಿಗಳನ್ನು ಓಡಿಸಲು ಹೋದಾಗ, ನಾನು ತಿಕ್ಕಿ ಹಾಕಿದ್ದ ಎಡ ಕುದುರೆ, ಎತ್ತಿ ನಿಲ್ಲಿಸಿದ್ದು, ತಾನಾಗಿ ಜಾರಿ ಅವನ ಮುಖದ ಪಕ್ಕದಲ್ಲೇ ಈಡು ಹಾರಿತು. ಎಡ ಕಿವಿ ಹೋಯಿತು. ಹೆಬ್ಬೆರಳು ಜಾರಿತು, ತಪ್ಪು ತನ್ನದೇ ಎಂದು ಊರಿಗೆಲ್ಲ ಹೇಳಿದ. ನನಗೂ ಹೇಳಿದ. ನಾನು ಹೂಂ ಅಂದೆ.

ಹೋದ ವರ್ಷ ಅವನು ಮತ್ತೆ ಬಂದ. ಹೊಲವನ್ನು ಈಗ ಮಗಳು ನೋಡುತ್ತಾಳೆ. ಲೈಸೆನ್ಸ್ ಅವಳ ಹೆಸರಿಗೆ ಮಾಡಿಸಬೇಕೆಂದಿದ್ದ.

"ಮೊದಲ ಅದಕ್ಕ ಖರೇ ಕುದುರಿ ಹುಡುಕಬೇಕು, ಮಿಸ್ತ್ರಿ. ತಪ್ಪು ನನ್ನ ಕೈದ ಇರಲಿ, ನನ್ನ ಕಿವಿ ತಿಂದ ಬಂದೂಕ ಹಂಗ ಮಗಳ ಕೈಯಾಗ ಕೊಡಾಂಗಿಲ್ಲ. ಮತ್ತ ತಿಕ್ಕಿ ಮಾಡಿದ್ದು ಬ್ಯಾಡ."

ಬಲ ಕುದುರೆಯನ್ನು ಬಿಚ್ಚಿ, ನಮೂನೆಗೆಂದು ಬಟ್ಟೆಯಲ್ಲಿ ಸುತ್ತಿಕೊಂಡು ಇಬ್ಬರೂ ತಿರುಗಿದೆವು. ಬಸ್ಸಿನಲ್ಲಿ ಅವನು ನನ್ನನ್ನು ಯಾವಾಗಲೂ ತನ್ನ ಬಲಕ್ಕೆ ಕೂಡಿಸಿಕೊಳ್ಳುತ್ತಿದ್ದ. ಹಾವೇರಿಯಲ್ಲಿ, ಬಂದೂಕಿನ ಅಂಗಡಿ ಮುಚ್ಚಿ ಮನೆಯಲ್ಲಿದ್ದ ಹಿರಿಯರೊಬ್ಬರು ಡಬ್ಬಿಯ ತುಂಬ ಹಳೆಯ ಭಾಗಗಳನ್ನು ಜಮಖಾನೆಯ ಮೇಲೆ ಸುರಿದರು. ಒಂದರ ಚೌಕ ತೂತು ದೊಡ್ಡದು, ಇನ್ನೊಂದರ ಕತ್ತು ಗಿಡ್ಡ. ಒಂದನ್ನು ನಮ್ಮದರ ಪಕ್ಕ ಹಿಡಿದು ರೈತ ನಕ್ಕ.

"ಎಮ್ಮಿಗೆ ಆಡಿನ ಕೋಡು ಹಚ್ಚಿದಂಗಾತು ನೋಡ್ರಿ."

ಹಿರಿಯರು ನಮ್ಮ ಕುದುರೆಯ ಒಳಮೈಯಲ್ಲಿ ಕೊರೆದ ಅಂಕಿಯನ್ನು ತೋರಿಸಿ, ಇದರ ಜೋಡಿಗೂ ಇದೇ ಅಂಕಿ ಇರುತ್ತದೆ, ಅದೇ ಸಿಕ್ಕರೆ ಚಿಂತೆಯಿಲ್ಲ ಎಂದರು. ಆ ಅಂಕಿ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಆದರೂ ಮೂರು ತಿಂಗಳು ಸುಮ್ಮನೆ ಅವನ ಜೊತೆ ಹುಡುಕಿದೆ.

ಕೊನೆಗೆ ಒಬ್ಬನೇ ಬ್ಯಾಡಗಿಗೆ ಹೋದೆ. ವ್ಯಾಪಾರಿ ತೀರಿಕೊಂಡಿದ್ದರು. ಅವರ ಮಗ ಕೂರಿಸಿ ಚಹಾ ಕೊಟ್ಟ. ಮನೆಯಲ್ಲಿ ಯಾರಿಗೂ ಲೈಸೆನ್ಸ್ ಬೇಡವಾಯಿತು, ಹೋದ ತಿಂಗಳಷ್ಟೇ ಸರ್ಕಾರಕ್ಕೆ ಒಪ್ಪಿಸಿದೆವು, ತುಂಡು ಮಾಡಿ ಕರಗಿಸಿದರಂತೆ ಎಂದ. ಹಾವೇರಿಯ ಜಮಖಾನೆಯ ಮೇಲೆ ನಾನು ಹುಡುಕುವ ನಾಟಕ ಆಡುತ್ತಿದ್ದ ದಿನ ಅದು ಇನ್ನೂ ಈ ಗೋಡೆಯ ಮೇಲಿತ್ತು.

ಮರುದಿನ ಹಲಗೇರಿಗೆ ಹೋಗಿ, ಅಪ್ಪ ಮಗಳು ಇಬ್ಬರ ಎದುರಿಗೂ ಎಲ್ಲ ಹೇಳಿದೆ.

"ಇಷ್ಟು ವರ್ಷ ನನ್ನ ಕೈಗೆ ನಾನ ಬೈಕೊಂತ ಬಂದೆ," ಅಂದ ರೈತ. "ನೀ ಎದುರಿಗೆ ಕುಂತು ಕೇಳಿದಿ."

ಬಟ್ಟೆ ಬಿಚ್ಚಿ ಬಲ ಕುದುರೆಯನ್ನು ಅವನ ಮುಂದಿಟ್ಟೆ.

ಬಂದೂಕನ್ನು ತಾನೂ ಒಪ್ಪಿಸಿಬಿಡುವುದೆಂದು ಅವನು ತೀರ್ಮಾನಿಸಿದ. ಮಗಳು ಅರ್ಜಿ ಬರೆಯಲು ಕೂತಳು. ಕಾರಣ ಬರೆಯುವ ಜಾಗ ಬಂದಾಗ ಅವನು ಹಾಳೆಯನ್ನು ನನ್ನ ಕಡೆ ಸರಿಸಿದ. ಸರಿಯಾದ ಭಾಗ ಸಿಗಲಿಲ್ಲ ಎಂದು ಬರೆದೆ. ಮಗಳು ಓದಿದಳು.

"ಇಷ್ಟ ಏನ್ರಿ?"

ಅದರ ಕೆಳಗೆ, ಆ ಭಾಗವನ್ನು ತೆಗೆದುಕೊಂಡವನು ನಾನೇ ಎಂದು ಬರೆದು ಸಹಿ ಹಾಕಿದೆ.