ಫ್ರಿಜ್ಜು ಬುಡಮೇಲು ಮಾಡಿದ ನರ್ಸಮ್ಮ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಸೋಮವಾರಪೇಟೆ ಕಡೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿದ್ದೆ. ಅಲ್ಲಿದ್ದ ನರ್ಸಮ್ಮ ಏನೇ ಕೆಟ್ಟರೂ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಒಂದೊಂದೇ ನೋಡುವ" ಎನ್ನುತ್ತಿದ್ದರು.

ಕರೆಂಟಿಲ್ಲದ ನಮ್ಮಲ್ಲಿ ಹುಚ್ಚುನಾಯಿ ಕಡಿತದ ಮದ್ದಿಡಲು ಸೀಮೆಎಣ್ಣೆ ದೀಪದಿಂದ ನಡೆಯುವ ಫ್ರಿಜ್ಜಿತ್ತು. ಒಂದು ಬೇಸಿಗೆಯಲ್ಲಿ ಅದು ತಣ್ಣಗಾಗುವುದನ್ನೇ ನಿಲ್ಲಿಸಿತು. ಕಾಫಿ ಎಸ್ಟೇಟಿನ ಕೂಲಿಯವರ ಲೈನ್‌ಮನೆಗಳಿಂದ ನಾಯಿ ಕಚ್ಚಿದ ಹೆಂಗಸೊಬ್ಬಳು ದಿನಾ ಸೂಜಿಗೆ ಬರುತ್ತಿದ್ದಳು.

"ರಿಪೇರಿಗೆ ಮೈಸೂರಿಗೆ ಕಳಿಸುವ, ಸಿಸ್ಟರ್," ಎಂದೆ.

"ಅದು ಬರುವವರೆಗೆ ಆ ಹೆಂಗಸು ಎಂಥ ಮಾಡುವುದು?"

ನರ್ಸಮ್ಮ ಮದ್ದಿನ ಬಾಟಲಿಗಳನ್ನು ತಣ್ಣಗಿರಲೆಂದು ಬಕೆಟ್ಟಿನಲ್ಲಿಟ್ಟು ಬಾವಿಯೊಳಗೆ ಇಳಿಬಿಟ್ಟರು. ದೀಪದ ಬತ್ತಿ ಕತ್ತರಿಸಿದರು, ಹೊಗೆಕೊಳವೆಯ ಮಸಿ ತೆಗೆದರು. ಸಂಜೆಯಾದರೂ ಫ್ರಿಜ್ಜಿನ ಒಳಗೆ ಬೆಚ್ಚಗೇ ಇತ್ತು.

"ಹಿಂದಿನ ಕೊಳವೆಯೊಳಗೆ ತಣ್ಣಗೆ ಮಾಡುವ ದ್ರವ ಕಟ್ಟಿಕೊಂಡಿರಬೇಕು. ಇನ್ನು ತಲೆಕೆಳಗು ಮಾಡುವ," ಎಂದರು ನರ್ಸಮ್ಮ.

ಡಾಕ್ಟರು ಗಾಬರಿಯಾದರು. "ಹಾಳಾದರೆ ಯಾರು ಹೊಣೆ?"

"ನಾನೇ, ಸಾರ್. ನೀವು ಆ ಕಡೆ ಹಿಡಿಯಿರಿ."

ಎಣ್ಣೆ ಬಸಿದು ಮೂವರೂ ಸೇರಿ ಅದನ್ನು ಬುಡಮೇಲು ಮಾಡಿದೆವು. ಒಳಗೆ ಗುಳುಗುಳು ಸದ್ದಾಯಿತು. ಮರುದಿನ ನೆಟ್ಟಗೆ ನಿಲ್ಲಿಸಿ ನರ್ಸಮ್ಮ ದೀಪ ಹಚ್ಚಿದರು.

ಅದರ ಮಾರನೆಯ ಬೆಳಿಗ್ಗೆ ಟ್ರೇಯ ನೀರು ಗಟ್ಟಿಯಾಗಿತ್ತು. ಆ ಹೆಂಗಸು ಬಂದಾಗ ನರ್ಸಮ್ಮ ಅವಳ ಅಂಗೈಗೆ ಒಂದು ಚೂರು ಐಸು ಇಟ್ಟರು. ಹುಟ್ಟಿದ ಮೇಲೆ ಮೊದಲ ಸಲ ಐಸು ಮುಟ್ಟಿದ ಅವಳು ಕಿರುಚಿ ನಕ್ಕಳು. ಆ ನಗು ಮುಗಿಯುವ ಮೊದಲೇ ನರ್ಸಮ್ಮ ಸೂಜಿ ಚುಚ್ಚಿ ತೆಗೆದಿದ್ದರು.