ಮುಂದಿನ ಭಾಗದಾಗ ಏಳತಾಳ

ಖಾನಾಪುರದಲ್ಲಿ ನಮ್ಮ ಬಾಜು ಮನೆಯ ನಿವೃತ್ತ ಬಸ್ ಕಂಡಕ್ಟರರು, ಕಣ್ಣು ಹೋಗಿ ಹಾಸಿಗೆ ಹಿಡಿದಿದ್ದ ಹೆಂಡತಿಗೆ ಮೊಬೈಲಿನ ಆ್ಯಪಿನಲ್ಲಿ ಎರಡೆರಡು ನಿಮಿಷದ ಭಾಗಗಳಲ್ಲಿ ಬರುವ ಕೊರಿಯಾದ ಕಥೆ ಹಚ್ಚುತ್ತಿದ್ದರು. ಪರದೆಯ ಕೆಳಗೆ ಮೂಡುವ ಹಿಂದಿ ಸಾಲು ಓದಿ ಕನ್ನಡದಲ್ಲಿ ಹೇಳುವರು. ಒಂದು ಕಥೆಯ ನಾಯಕಿ ಆಸ್ಪತ್ರೆಯಲ್ಲೇ ಮಲಗಿದ್ದಳು.

"ಎದ್ದಳೇನ್ರಿ?" ಎಂದು ಹೆಂಡತಿ ದಿನಾ ಕೇಳುವರು.

"ಮುಂದಿನ ಭಾಗದಾಗ ಏಳತಾಳ," ಎನ್ನುತ್ತ ಅವರು ಟಿಕೆಟ್ ಹರಿಯುವ ರೂಢಿಯಂತೆ ಬೆರಳನ್ನು ನಾಲಿಗೆಗೆ ತಾಗಿಸಿ ಪರದೆ ಸರಿಸುವರು.

ನಾನು ಗಂಜಿ ಒಯ್ದ ದಿನ ಕೊನೆಯ ಭಾಗ. ನಾಯಕಿ ಸತ್ತದ್ದು ನನಗೂ ಕಾಣಿಸಿತು.

"ಎದ್ದು ಕುಂತಳ ನೋಡು, ಚಹಾ ಕುಡ್ಯಾಕ ಹತ್ತ್ಯಾಳ," ಎಂದರು ಕಂಡಕ್ಟರರು.

"ಮತ್ತ ಅವರೆಲ್ಲ ಯಾಕ ಅಳಾಕ ಹತ್ತ್ಯಾರ್ರಿ?"

"ಖುಷಿಗೆ."

"ಖುಷಿಗೆ ಅತ್ತಿದ್ದು ನಾ ಕೇಳೇನ್ರಿ. ಹಿಂಗ ಇರಂಗಿಲ್ಲ."

ಅವರು ಅವಸರದಿಂದ ಹೊಸ ಕಥೆ ಹಚ್ಚಿದರು. ಆಕೆ ತಡಕಾಡಿ ಮೊಬೈಲಿನ ಮೇಲೆ ಅಂಗೈ ಮುಚ್ಚಿ, "ಸಾಕ್ರಿ," ಎಂದು ಗೋಡೆಯ ಕಡೆ ಹೊರಳಿದರು.