ಕಾರಟಗಿಯ ಕರುಗಳೂ ನಮ್ಮ ಮನೆಯ ಗಿಣ್ಣವೂ

೧೯೮೧ನೆಯ ಇಸವಿ ಜನವರಿ ೧೯, ಬೆಳಿಗ್ಗೆ ಆರೂ ಮುಕ್ಕಾಲು ಗಂಟೆ. ಯಲಬುರ್ಗಾದಲ್ಲಿ ನಾನೂ ಅವ್ವನೂ ಕುಷ್ಟಗಿಯ ಬಸ್ಸು ಹತ್ತಿದೆವು. ಚಳಿ ಚೆನ್ನಾಗಿಯೇ ಇತ್ತು. ಅವ್ವ ಸೆರಗನ್ನು ಕಿವಿಯ ಮೇಲೆ ಬಿಗಿಯಾಗಿ ಎಳೆದುಕೊಂಡಿದ್ದಳು. ನಮ್ಮ ಸಾಮಾನು ಎರಡೇ: ದಾರಿಗೆಂದು ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟು, ಗಿರಿಜಾಳ ಮನೆಗೆಂದು ಒಂದು ಚೀಲ ಸಜ್ಜೆ. ಕುಷ್ಟಗಿಗೆ ಇಬ್ಬರ ಟಿಕೀಟು ನಾಲ್ಕು ರೂಪಾಯಿ ಮೂವತ್ತು ಪೈಸೆ.

ಗಿರಿಜಾ ನನ್ನ ಸೋದರಮಾವನ ಮಗಳು, ನನಗಿಂತ ನಾಲ್ಕು ತಿಂಗಳು ದೊಡ್ಡವಳು. ಚಿಕ್ಕಂದಿನಲ್ಲಿ ಕರು ಬಂದು ಕೈ ನೆಕ್ಕಿದರೆ ಚೀರುತ್ತ ಕಟ್ಟೆ ಏರುತ್ತಿದ್ದವಳು. ನಾಲ್ಕು ವರ್ಷದ ಹಿಂದೆ ಕಾರಟಗಿ ಕಡೆಯ ನೀರಾವರಿ ಊರಿಗೆ ಅವಳನ್ನು ಕೊಟ್ಟರು. ಅಂದಿನಿಂದ ಅವಳ ಮನೆಯಲ್ಲಿ ಐದು ಕರು ಹುಟ್ಟಿವೆ, ಐದೂ ಬದುಕಿವೆ. ನಮ್ಮ ಕೆಂದಿ ಆಕಳು ಅದೇ ನಾಲ್ಕು ವರ್ಷದಲ್ಲಿ ಮೂರು ಸಲ ಈದಳು. ಮೂರು ಕರುಗಳೂ ಬಿಳಿ ಭೇದಿಯಾಗಿ ಸತ್ತವು: ಒಂದು ಐದನೆಯ ದಿನ, ಒಂದು ಏಳನೆಯ ದಿನ, ಒಂದು ಒಂಬತ್ತನೆಯ ದಿನ. ಮೂರೂ ನನ್ನ ತೊಡೆಯ ಮೇಲೆ. ಹಟ್ಟಿ ಬಳಿಯುವವಳು, ಬೂದಿ ಹಾಕುವವಳು, ಕರುವಿನ ಹಿಂಭಾಗ ತೊಳೆಯುವವಳು ನಾನು. ಮನೆಗೆ ಬಂದವರ ಮುಂದೆ ಅವ್ವ ಹೇಳುವುದು ಮಾತ್ರ, “ನಮ್ಮ ಗಿರಿಜಾನ ಕೈಗುಣ ನೋಡ್ರಿ.”

ಕೆಂದಿ ಈಗ ಮತ್ತೆ ತುಂಬುಗಬ್ಬ. ಇನ್ನು ಹತ್ತು ಹನ್ನೆರಡು ದಿನ ಇರಬಹುದು. ನಾವು ಹೊರಡುವ ಹಿಂದಿನ ಸಂಜೆ ಅಪ್ಪ ಖಂಡಿತವಾಗಿ ಹೇಳಿದ್ದ: “ಈ ಸಲದ್ದೂ ಹೋತಂದ್ರ ಕೆಂದೀನ ಕುಷ್ಟಗಿ ಸಂತಿಗೆ ಹೊಡೀತೀನಿ. ಕರಾ ಇಲ್ಲದ ಆಕಳಾ ಹಾಲು ಇಳಸಂಗಿಲ್ಲ, ಬರೇ ಮೇವು ತಿಂತೈತಿ.” ಕೆಂದಿಯನ್ನು ಇನ್ನೂ ಗಬ್ಬವಾಗದ ಮಣಕ ಇದ್ದಾಗಿನಿಂದ ಸಾಕಿದವಳು ನಾನು. ಗಿರಿಜಾಳ ಮನೆಯ ಗುಟ್ಟು ತಿಳಿದು ಬರೋಣವೆಂದು ಅವ್ವನನ್ನು ಹೊರಡಿಸಿದವಳೂ ನಾನೇ. ಏನೋ ಔಷಧ ಇಟ್ಟುಕೊಂಡು ಹೇಳದೆ ಕುಳಿತಿದ್ದಾಳೆಂದು ನನಗೆ ಗಟ್ಟಿ ಅನುಮಾನವಿತ್ತು.

ಕುಷ್ಟಗಿಯಲ್ಲಿ ಚಹಾ ಕುಡಿದು ಒಂಬತ್ತೂವರೆಗೆ ಗಂಗಾವತಿಯ ಬಸ್ಸು ಹಿಡಿದೆವು. ತಾವರಗೇರಾ ದಾಟುವವರೆಗೆ ನಮ್ಮ ಕಡೆಯದೇ ನೆಲ, ತೆನೆ ಬಿಟ್ಟ ಬಿಳಿಜೋಳ, ನಡುನಡುವೆ ಕಲ್ಲುಗುಡ್ಡ. ಕನಕಗಿರಿಯಲ್ಲಿ ಸಂತೆಯ ಮಂದಿ ಕೋಳಿ, ಬುಟ್ಟಿ ಸಮೇತ ಹತ್ತಿದರು. ಒಂದು ಹುಂಜ ಗಂಗಾವತಿಯವರೆಗೂ ನನ್ನ ಪಾದದ ಮೇಲೆ ಕುಳಿತಿತ್ತು. ಅಲ್ಲಿ ಕಾರಟಗಿಯ ಬಸ್ಸು ಹತ್ತಿದ ಮೇಲೆ ಒಮ್ಮೆಲೇ ಹಸಿರು. ಗದ್ದೆಯಲ್ಲಿ ಹೆಂಗಸರು ಬಗ್ಗಿ ನಾಟಿ ಹಚ್ಚುತ್ತಿದ್ದರು.

“ಗುಟ್ಟೂ ಇಲ್ಲ ಗಿಟ್ಟೂ ಇಲ್ಲ ನೀಲಾ,” ಅಂದಳು ಅವ್ವ. “ಇದ ನೋಡು. ಕಾಲುವಿ ನೀರು, ಹಸರ ಮೇವು. ಕರಾ ಯಾಕ ಸಾಯ್ತಾವ?”

ನನಗಂತೂ ಆ ನೀರನ್ನು ನೋಡುತ್ತಿದ್ದರೆ ಕಣ್ಣು ಉರಿಯುತ್ತಿತ್ತು.

ಕಾರಟಗಿಯಲ್ಲಿ ಇಳಿದು, ಅಕ್ಕಿ ಗಿರಣಿಗಳ ತೌಡಿನ ಧೂಳಿನಲ್ಲಿ ಎರಡು ಮೈಲಿ ನಡೆದು, ಮಧ್ಯಾಹ್ನ ಎರಡೂವರೆಗೆ ಊರು ಮುಟ್ಟಿದೆವು. ಗಿರಿಜಾ ಬಾಗಿಲಲ್ಲೇ ಅವ್ವನ ಕಾಲಿಗೆ ಬಿದ್ದಳು. ಕೈತುಂಬ ಹೊಸ ಬಳೆ, ಮೈ ತುಂಬಿಕೊಂಡಿದ್ದಳು. ಅವಳ ಹಿಂದೆ ಎರಡು ಕರು ಓಡಿಬಂದು ಸೆರಗು ಜಗ್ಗಿದವು. ಅವುಗಳ ಮೈ ಎಣ್ಣೆ ಹಚ್ಚಿದಂತೆ ಮಿಂಚುತ್ತಿತ್ತು. ಮನೆಯ ಯಜಮಾನಿ ಅವಳ ಅತ್ತೆ ಶಾಂತವ್ವ. ನಮ್ಮ ಬಳಗದಲ್ಲೆಲ್ಲ ಜಿಪುಣಿ ಎಂದು ಹೆಸರಾದವಳು. ನಮಗೆ ಬಂದ ಚಹಾ ಅರ್ಧ ಕಪ್ಪು.

ಮಾರನೆಯ ದಿನವೆಲ್ಲ ನಾನು ಕೊಟ್ಟಿಗೆಯಲ್ಲಿಯೇ ಸುಳಿದಾಡಿದೆ. ಕರುಗಳ ಕೆಳಗೆ ಒಣ ಹುಲ್ಲು. ನಮ್ಮಲ್ಲಿಯೂ ಜೋಳದ ಒಣ ಕಣಿಕೆ ಹಾಸುತ್ತೇವೆ. ಹೊಕ್ಕುಳಿಗೆ ಟಿಂಚರ್ ಹಚ್ಚುತ್ತಾರಂತೆ. ಕಳೆದ ಸಲ ನಾನೂ ಹಚ್ಚಿದ್ದೆ. ಸಗಣಿ ದಿನಕ್ಕೆ ಎರಡು ಸಲ ಬಳಿಯುತ್ತಾರೆ. ನಾನು ಮೂರು ಸಲ ಬಳಿಯುತ್ತೇನೆ. ಗೂಡಿನಲ್ಲಿ, ಮಾಡದಲ್ಲಿ, ಕಾಳು ತುಂಬುವ ಹಗೇವಿನ ಬಾಯಿಯ ಹತ್ತಿರ ಎಲ್ಲ ನೋಡಿದೆ. ಔಷಧದ ಬಾಟಲಿ ಒಂದೂ ಇಲ್ಲ. ಇಷ್ಟೆಲ್ಲ ನಾನು ಮಾಡಿಯೂ ಸಾಯುವ ಕರು ಅವಳು ಮಾಡದೆಯೂ ಬದುಕುತ್ತದೆ ಅಂದರೆ ದೇವರಿಗೆ ಅವಳೇ ಬೇಕಾದವಳು ಎಂದುಕೊಂಡೆ.

ಇಪ್ಪತ್ತೊಂದನೆಯ ತಾರೀಖು ಬೆಳಿಗ್ಗೆ ಎಂಟು ಗಂಟೆಗೆ ಅವರ ಎಮ್ಮೆ ಈದಿತು. ಕರು ಇನ್ನೂ ಒದ್ದೆಯಾಗಿ ನಡುಗುತ್ತಿತ್ತು. ಅವ್ವ ರೂಢಿಯಂತೆ ತಂಬಿಗೆ ತೊಳೆದುಕೊಂಡು ಬಂದು ನಿಂತಳು.

“ಅದ್ಯಾಕ್ರಿ ತಂಬಗಿ?” ಅಂದಳು ಶಾಂತವ್ವ.

“ಗಿಣ್ಣಕ್ಕ ಹಿಂಡಬೇಕಲ್ರಿ.”

“ಯಾರಿಗಿ ಗಿಣ್ಣ? ಈದಾಕಿ ಇಕಿ, ಹುಟ್ಟಿದ್ದು ಇದು. ಊರ ಮಂದಿ ಏನು ಬ್ಯಾನಿ ತಿಂದಾರ?”

ಅವ್ವನ ಮುಖ ಸಣ್ಣದಾಯಿತು. ಕರುವಿನ ಹಿಂದೆ ಬೀಳಬೇಕಾದ ಮಾಸು ಇನ್ನೂ ಬಿದ್ದಿರಲಿಲ್ಲ. “ಮಾಸರ ಬೀಳ್ಲಿ ತಡೀರಿ. ಮಾಸ ಬೀಳೂದಕ್ಕಿಂತ ಮೊದಲ ಕರಾ ಬಿಡಬಾರ್ದಂತಾರ.”

“ಅದು ಬೀಳಾಗ ಬೀಳ್ತೈತಿ. ಅಲ್ಲಿತನ ಹಸಗೂಸು ಉಪಾಸ ಕುಂದರಬೇಕೇನು?” ಎನ್ನುತ್ತ ಶಾಂತವ್ವ ಕೆಚ್ಚಲು ಬಿಸಿನೀರಿನಲ್ಲಿ ಒರೆಸಿ, ಮೊದಲ ಎರಡು ಧಾರೆ ನೆಲಕ್ಕೆ ಬಿಟ್ಟು, ಕರುವಿನ ಬಾಯಿಗೆ ಬೆರಳಿಟ್ಟು, ಹಾಗೆಯೇ ಮೊಲೆಗೆ ಹಚ್ಚಿದಳು. ಕರು ಹುಟ್ಟಿ ಅರ್ಧ ಗಂಟೆಯೂ ಆಗಿರಲಿಲ್ಲ. ಹಳದಿ ಹಾಲು ಅದರ ಗದ್ದದಿಂದ ಸೋರಿತು.

ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಬಟ್ಟಲು ತೋರಿಸಿದಳು. “ಶಾಂತವ್ವಾ, ಈ ಸಲನರ ಗಿಣ್ಣ ಐತೇನ ಬೇ?”

“ಐತಿ. ಇದರ ಹೊಟ್ಟ್ಯಾಗ ಐತಿ, ಬಂದು ಕೇಳು.”

ಅವ್ವ ತಂಬಿಗೆಯನ್ನು ಬೋರಲು ಹಾಕಿ ಒಳಗೆ ಹೋದಳು. “ಇಷ್ಟು ಎಮ್ಮಿ ಕಟ್ಕೊಂಡು ಒಂದ ಬಟ್ಟಲ ಗಿಣ್ಣಕ್ಕ ಗತಿ ಇಲ್ಲ ಈ ಮನ್ಯಾಗ,” ಎಂದು ನನ್ನ ಕಿವಿಯಲ್ಲಿ ಅಂದಳು. ನನಗೆ ನಗು ಬಂತು. ಗಿರಿಜಾಳ ಮನೆಯಲ್ಲಿ ಒಂದಾದರೂ ಕೊರತೆ ಸಿಕ್ಕಿತಲ್ಲ ಎಂಬ ಸಮಾಧಾನ.

ಮಧ್ಯಾಹ್ನ ಕಾಲುವೆಗೆ ಅರಿವೆ ಒಗೆಯಲು ಹೋದಾಗ ಗಿರಿಜಾ ಆ ಮಾತನ್ನು ತಾನೇ ತೆಗೆದಳು. “ನಿಮ್ಮ ಮನಿ ಗಿಣ್ಣ ಅಂದ್ರ ಊರಿಗೆಲ್ಲಾ ಹೆಸರು. ಯಾಲಕ್ಕಿ ಹಾಕಿ ನಿಮ್ಮವ್ವ ಹನ್ನೊಂದ ಮನಿಗೆ ಕಳಸ್ತಾಳ. ನಾಕ ವರ್ಷದಾಗ ನಾನು ತವರಮನಿಗೆ ಒಂದ ಚೂರು ಕಳಿಸಿಲ್ಲ. ನಮ್ಮವ್ವ ಎದರ ಬಂದಾಗೊಮ್ಮೆ ಚುಚ್ಚತಾಳ. ನಿನ್ನ ನೋಡಿದ್ರ ಹೊಟ್ಟಿ ಉರೀತೈತಿ ನೀಲಾ, ಸುಳ್ಳ್ಯಾಕ ಹೇಳ್ಲಿ.”

ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ನಾಲ್ಕು ವರ್ಷದಲ್ಲಿ ಇಷ್ಟು ಸಿಹಿಯಾದ ಮಾತು ನಾನು ಕೇಳಿರಲಿಲ್ಲ. ಒಂದು ಸೀರೆ ಹಿಂಡಿ ಮುಗಿಸುವಷ್ಟು ಹೊತ್ತು ಅದನ್ನು ಸವಿದೆ. ಲೆಕ್ಕ ಹಾಕುವ ಚಟ ನನ್ನನ್ನು ಬಿಡಲಿಲ್ಲ. ಹನ್ನೊಂದು ಮನೆಗೆ ಗಿಣ್ಣ ಅಂದರೆ ಕೆಂದಿ ಈದ ಮೇಲೆ ಮೊದಲ ಸಲ ಹಿಂಡಿದ ಹಾಲೆಲ್ಲ, ಎರಡನೆಯ ಸಲ ಹಿಂಡಿದ್ದೂ ಬಹಳಷ್ಟು. ಮಾಸು ಬೀಳುವ ತನಕ ಕರು ಕಟ್ಟಿರುತ್ತದೆ. ಹಾಗಾದರೆ ನಮ್ಮ ಕರುವಿನ ಹೊಟ್ಟೆಗೆ ಮೊದಲ ಹಾಲು ಬಿದ್ದದ್ದು ಯಾವಾಗ? ಮೂರೂ ಸಲ ಮರುದಿನವೇ. ಕೈಯಲ್ಲಿದ್ದ ಸೀರೆ ಕಾಲುವೆಯಲ್ಲಿ ಹರಿದು ಹೋಗುತ್ತಿತ್ತು. ಗಿರಿಜಾ ಹಾರಿ ಹಿಡಿದಳು.

ಇಪ್ಪತ್ತೆರಡಕ್ಕೆ ಹಿಂತಿರುಗಿದೆವು. ಈ ಸಲ ಗಂಗಾವತಿಯಿಂದ ಕೊಪ್ಪಳದ ದಾರಿ, ಕಾಲುವೆಯಲ್ಲಿ ಹಾಕಿದ ಲೆಕ್ಕವನ್ನು ಅವ್ವನಿಗೆ ಹೇಳಿ, ದನದ ದವಾಖಾನೆಯಲ್ಲಿ ಕೇಳಬೇಕೆಂದು ನಾನು ಹಟ ಹಿಡಿದಿದ್ದೆ. ಡಾಕ್ಟರು ಎತ್ತಿನ ಗೊರಸು ನೋಡುತ್ತಿದ್ದರು. ನನಗಿಂತ ಮೊದಲು ಅವ್ವನೇ ಬಾಯಿ ತೆರೆದಳು.

“ಹುಟ್ಟಿದ ಕರಕ್ಕ ಗಿಣ್ಣದ ಹಾಲು ಮರದಿನ ಕುಡಿಸಿದ್ರ ನಡೀತೈತೇನ್ರಿ ಸಾಹೇಬ್ರ?”

“ಮರದಿನ ಯಾಕವ್ವಾ? ಹುಟ್ಟಿದ ಒಂದೆರಡ ತಾಸಿನ್ಯಾಗ ಹೊಟ್ಟಿತುಂಬ ಕುಡೀಬೇಕು. ಬ್ಯಾನಿ ತಡಿಯೂ ಶಕ್ತಿ ಆ ಹಾಲಿನ್ಯಾಗ ಇರತೈತಿ. ತಡಾ ಆದಂಗ ಆ ಶಕ್ತಿ ಕರುವಿನ ಮೈಗೆ ಹತ್ತಂಗಿಲ್ಲ, ಮರದಿನಕ್ಕ ಮುಗದ ಹೋತು. ಮಾಸದ ದಾರಿ ನೋಡಬ್ಯಾಡ್ರಿ. ನೆಲಾ ಒಣಾ ಇಡ್ರಿ. ಭೇದಿ ಆಗಿ ಜಾಡಿಸಾಕ ಹತ್ತಿದ್ರ ಹಾಲು ನಿಲ್ಲಸಬ್ಯಾಡ್ರಿ, ನಡುನಡುವ ಉಪ್ಪು ಸಕ್ಕರಿ ನೀರು ಹಾಕಿ ಇಲ್ಲಿಗೆ ತರ್ರಿ.”

ಬಸ್ಸು ಕುಕನೂರು ಮುಟ್ಟುವ ಹೊತ್ತಿಗೆ ಅವ್ವ ಅಂದಳು: “ಗಿಣ್ಣ ಕಳಸಲಿಲ್ಲಂದ್ರ ನಾನೂ ಶಾಂತವ್ವ ಆದ್ನೆಲ್ಲ.”

ಜನವರಿ ೩೧, ಮಧ್ಯಾಹ್ನ ನಾಲ್ಕು ಗಂಟೆಗೆ ಕೆಂದಿ ಈದಳು. ಹೆಣ್ಣುಗರು. ನಾನು ಮೈ ಒರೆಸುತ್ತಿರುವಾಗಲೇ ಓಣಿಯಿಂದ ಮೂವರು ಬಟ್ಟಲು ಹಿಡಿದು ಬಂದರು. ಅವ್ವ ಅವರನ್ನು ನೋಡಿದಳು, ಕರುವನ್ನು ನೋಡಿದಳು. ಆಮೇಲೆ ಕುಕ್ಕರಗಾಲಲ್ಲಿ ಕುಳಿತು ಕರುವಿನ ಬಾಯಿಗೆ ಬೆರಳಿಟ್ಟು ತಾನೇ ಮೊಲೆಗೆ ಹಚ್ಚಿದಳು.

“ಆಕಳಾ ಯಾಕೋ ಹಾಲ ಇಳಸವಲ್ದ್ರಿ ಈ ಸಲ,” ಎಂದು ಹಿಂದೆ ತಿರುಗದೆ ಹೇಳಿದಳು. ಕರುವಿನ ಗದ್ದದಿಂದ ಹಳದಿ ಹಾಲು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಬಂದವರು ಅದನ್ನು ನೋಡಿದರು, ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ಹೋದರು. “ಕಾರಟಗಿ ಗಾಳಿ ಬಡದೈತಿ ನೋಡು,” ಎಂದು ಒಬ್ಬಳು ಅಂದದ್ದು ನಮಗೆ ಕೇಳಿಸಿತು.

ಐದನೆಯ ದಿನ ಹೋಯಿತು, ಏಳು ಹೋಯಿತು, ಒಂಬತ್ತು ಹೋಯಿತು. ಇದನ್ನು ಬರೆಯುವ ಇಂದು ಇಪ್ಪತ್ತಾರನೆಯ ದಿನ. ಕರು ಅಂಗಳದಲ್ಲಿ ಬಾಲವೆತ್ತಿ ಓಡುತ್ತಿದೆ. ಅಪ್ಪ ಸಂತೆಯ ಮಾತು ಬಿಟ್ಟಿದ್ದಾನೆ. ಅವ್ವ ನಿನ್ನೆ ಬಂದವರಿಗೆ ಹೇಳುತ್ತಿದ್ದಳು: “ಎಲ್ಲಾ ನಮ್ಮ ಗಿರಿಜಾನ ಪುಣ್ಯಾ. ಭಾಳ ಶಾಣ್ಯಾ ಹುಡುಗಿ.”

ಆದ್ದರಿಂದ ಓದುಗರಲ್ಲಿ ಒಂದು ಕೇಳಿಕೆ. ಕರು ಹೊಟ್ಟೆತುಂಬ ಕುಡಿಯಿತೆಂದು ಹೇಗೆ ತಿಳಿಯಬೇಕು? ಅದರ ಪಾಲು ಮುಗಿದ ಮೇಲೆ ಉಳಿದ ಹಾಲಿನಲ್ಲಿ, ಎಷ್ಟನೆಯ ಸಲ ಹಿಂಡಿದ್ದರವರೆಗೆ ಗಿಣ್ಣ ಗಟ್ಟಿಯಾಗಿ ಕೂಡುತ್ತದೆ? ದನ ಕಟ್ಟಿ ಅನುಭವ ಇದ್ದವರು ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಬೇಕು. ಹನ್ನೊಂದು ಮನೆಗೆ ಬೇಡ, ಒಂದು ಡಬ್ಬಿ ಆದರೆ ಸಾಕು. ಮುಂದಿನ ಸಲ ಕೆಂದಿ ಈದಾಗ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಷ್ಟಗಿ, ಗಂಗಾವತಿ, ಕಾರಟಗಿ ದಾಟಿ ಹೋಗಿ ಗಿರಿಜಾಳ ಕೈಗೆ ಕೊಡಬೇಕಾಗಿದೆ. ಕರುವನ್ನೂ ಬದುಕಿಸಿ ಗಿಣ್ಣವನ್ನೂ ಮಾಡಿದೆ ಎಂದು ಅವಳ ಅತ್ತೆಯ ಎದುರಿನಲ್ಲಿಯೇ ಹೇಳಬೇಕಾಗಿದೆ.